ಗಾಜಿನ ಆಚೆಯ ಕೈಗಳು

ಮೂರನೆಯ ಟೈರಿನ ಗಾಳಿ ಇನ್ನೂ ಇಳಿಯುತ್ತಿತ್ತು. ಸ್ನೇಹಲತಾ ಮಡಿಚಿದ ಗೋಣಿಚೀಲದ ಮೇಲೆ ಮೊಣಕಾಲೂರಿ ಕೂತು, ವಾಲ್ವಿನ ನಡುವಿನ ಸಣ್ಣ ಮೊಳೆಯನ್ನು ಕಡ್ಡಿಯಿಂದ ಒತ್ತಿ ಹಿಡಿದಿದ್ದಳು. ಬುಸ್ಸೆನ್ನುವ ಸದ್ದನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದು ಅವಳಿಗೆ ಮೀಟರು ಹಚ್ಚದೆಯೂ ಗೊತ್ತಾಗುತ್ತಿತ್ತು. ಟೈರಿನ ಬುಡ ಒಂದಿಷ್ಟು ಉಬ್ಬಿ ನೆಲಕ್ಕೆ ಒರಗಿದ ಹಾಗೆ ಕಾಣಬೇಕು. ಗಾಳಿ ತುಂಬಿದ ಗಟ್ಟಿ ಟೈರು ಕೆಸರನ್ನು ಕೊಯ್ದುಕೊಂಡು ಒಳಗೆ ಇಳಿದುಬಿಡುತ್ತದೆ. ಮೆತ್ತಗಿನದು ಅಗಲವಾಗಿ ಹರಡಿಕೊಂಡು ಮೇಲೆಯೇ ನಿಲ್ಲುತ್ತದೆ.

"ಆತೇನು?" ಜೀಪಿನ ಒಳಗಿಂದ ಗುರುಬಸವ ಕೇಳಿದ.

"ಇನ್ನೊಂದು ಐತ್ರಿ."

ಅವನು ಇಳಿಯಲಿಲ್ಲ. ಎಡ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ತಿಕ್ಕಿಕೊಳ್ಳುತ್ತ, ಮುಂದಿನ ಕೆರೆಯ ಅಂಗಳವನ್ನು ನೋಡುತ್ತಿದ್ದ. ವಾರವಿಡೀ ಮಳೆ ಬಿದ್ದಿತ್ತು. ಶಂಕರಪಲ್ಲಿ ದಾಟಿದ ಮೇಲೆ ಸಿಗುವ ಈ ಜಾಗದಲ್ಲಿ ಕೆರೆಯಿದ್ದದ್ದು ಯಾವಾಗಲೋ. ಈಗ ಕರಿಮಣ್ಣು, ಜಾಲಿಗಿಡ, ನಡುವೆ ಒಂದು ಹಳ್ಳ. ನಗರದಲ್ಲಿ ಗಚ್ಚಿಬೌಲಿಯ ಗಾಜಿನ ಕಟ್ಟಡಗಳು ಎಚ್ಚರಗೊಳ್ಳುವ ಮುಂಚೆಯೇ ಮನೆ ಬಿಟ್ಟು ಬಂದರೆ, ಬಿಸಿಲೇರುವ ಹೊತ್ತಿಗೆ ಕೆಸರಿನಲ್ಲಿ ಹೊರಳಾಡಿ ವಾಪಸು ಹೊರಡಬಹುದು. ಎಷ್ಟೋ ವರ್ಷಗಳಿಂದ ಅವರ ಐತವಾರಗಳು ಹೀಗೇ.

ಎಮ್ಮೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು ನಿಂತಳು. "ರೋಡ್ಡು ಗಾಡ ಉಂದಿ ಗದಮ್ಮಾ! ಗೀ ಬುರದಲ ಏಂ ಪನಿ?" ರಸ್ತೆ ಅಷ್ಟು ಚೆನ್ನಾಗಿ ಅಲ್ಲಿ ಬಿದ್ದುಕೊಂಡಿರುವಾಗ ಈ ಕೆಸರಿನಲ್ಲಿ ನಿಮಗೇನು ಕೆಲಸ ಎಂದು ಅವಳ ಬೆರಗು.

ಸ್ನೇಹಲತಾ ತಲೆ ಎತ್ತಿ ನಕ್ಕಳು. "ಅಲವಾಟು, ಅಮ್ಮಾ." ರೂಢಿ ಎಂದಳು. ಬೇರೆ ಯಾವ ಭಾಷೆಯಲ್ಲಿಯೂ ಇದಕ್ಕಿಂತ ಒಳ್ಳೆಯ ಉತ್ತರ ಅವಳ ಹತ್ತಿರ ಇರಲಿಲ್ಲ.

ಇದು ಶುರುವಾದದ್ದು ಹೀಗೆ. ಜೀಪು ಹೊಸದಾಗಿದ್ದಾಗ ಒಮ್ಮೆ ಬಂಡೆಗಳ ನಡುವೆ ಗಾಡಿ ವಾಲಿತು. ಹೆದರಿ ಅವಳು ಇಳಿದುಬಿಟ್ಟಳು. ಒಳಗೆ ಕೂತವನಿಗೆ ಬಾನೆಟ್ಟಿನ ಆಚೆ ಆಕಾಶವಷ್ಟೇ ಕಾಣುತ್ತಿತ್ತು. ಹೊರಗಿದ್ದ ಅವಳಿಗೆ ಮಾತ್ರ, ಮುಂದಿನ ಗಾಲಿಯೊಂದು ಬಂಡೆಯಂಚಿನಿಂದ ಜಾರಲು ಬೆರಳಷ್ಟು ಜಾಗ ಉಳಿದಿರುವುದು ಕಂಡಿತು. ಅವಳು ಮುಷ್ಟಿ ಎತ್ತಿ ಹಿಡಿದಳು. ಅವನು ನಿಂತ. ಮದುವೆಯಾದ ಮೇಲೆ ಅವಳು ನಿಲ್ಲು ಎಂದದ್ದಕ್ಕೆ ಅವನು ನಿಂತದ್ದು ಅದೇ ಮೊದಲು.

ಆಮೇಲೆ ಅವಳೇ ಇಳಿಯತೊಡಗಿದಳು. ಮುಷ್ಟಿ ಹಿಡಿದರೆ ನಿಲ್ಲು. ಬೆರಳು ಮಡಿಚಿ ಮಡಿಚಿ ಬಿಚ್ಚಿದರೆ ಮೆಲ್ಲಗೆ ಬಾ. ಹೆಬ್ಬೆರಳು ಯಾವ ಕಡೆಗೋ ಆ ಕಡೆ ಸ್ಟೇರಿಂಗು. ಅಂಗೈ ಕೆಳಮುಖ ಮಾಡಿ ಒತ್ತಿದರೆ, ಕಾಲು ಕ್ಲಚ್ಚಿನಿಂದಲೂ ಬ್ರೇಕಿನಿಂದಲೂ ತೆಗೆ, ಎಂಜಿನ್ನು ತಾನೇ ಗಾಡಿಯನ್ನು ಹಿಡಿದು ಇಳಿಸಲಿ ಎಂದು. ಇದನ್ನು ಯಾರೂ ಅವಳಿಗೆ ಕಲಿಸಲಿಲ್ಲ. ಅವಳ ಕೈಗಳು ಅವನ ಗಾಡಿಯೊಡನೆ ಮಾತಾಡುತ್ತಲೇ ಕಲಿತವು. ಗಾಡಿ ದಡ ಹತ್ತಿ ನಿಂತಾಗ, ಗಾಜಿನ ಹಿಂದೆ ಅವನ ತಲೆ ಒಮ್ಮೆ ಕೆಳಗಾಗಿ ಮೇಲಾಗುತ್ತಿತ್ತು. ಒಂದೇ ಸಲ.

ಆ ತಲೆಯಾಡಿಸುವಿಕೆಗಾಗಿ ಅವಳು ಬೆಳಗಿನ ನಾಲ್ಕಕ್ಕೆದ್ದು ಅಡುಗೆ ಮಾಡುತ್ತಿದ್ದಳು ಎಂದು ಯಾರಿಗಾದರೂ ಹೇಳಿದರೆ ನಗುತ್ತಾರೆ.

ಮನೆಯಲ್ಲಿ ಗುರುಬಸವ ಕೆಟ್ಟವನೇನಲ್ಲ. ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರು, ದನಿ ಏರಿಸಿ ಮಾತಾಡಿದವನಲ್ಲ. ಮಗಳು ಮಧುರಾ ಮದುವೆಯಾಗಿ ಪುಣೆಗೆ ಹೋದ ಮೇಲೆ ಹನ್ನೊಂದನೆಯ ಮಹಡಿಯ ಆ ಮನೆಯಲ್ಲಿ ಕನ್ನಡ ಬಹಳ ಕಡಿಮೆಯಾಯಿತು. 'ಚಾವಿ ಎಲ್ಲೈತಿ', 'ನೀರು ಬಂತೇನು', 'ಇವತ್ತ ಲಗೂ ಬರ್ತೀನಿ.' ಇವನ್ನು ಅವನು ಫೋನು ನೋಡುತ್ತಲೋ ಶೂ ಕಟ್ಟುತ್ತಲೋ ಹೇಳುತ್ತಿದ್ದ. ಅವಳು ಕೂದಲು ಗಿಡ್ಡ ಮಾಡಿಸಿಕೊಂಡು ಬಂದು ಕೆಲವು ದಿನ ಕಳೆದ ಮೇಲೆ, ಏನೋ ಬೇರೆ ಕಾಣುತ್ತಿದೆಯಲ್ಲ ಎಂದು ಕಿಟಕಿಯ ಪರದೆಗಳನ್ನು ನೋಡಿದ್ದ. ಆದರೆ ಐತವಾರ, ಕೆಸರಿನಲ್ಲಿ, ಅವನು ಅವಳನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದ. ಹಾಗೆಂದು ಅವಳು ನಂಬಿದ್ದಳು.

ನಾಲ್ಕನೆಯ ಟೈರಿನ ಗಾಳಿ ಇಳಿಸಿ ಎದ್ದಾಗ ಚಂದ್ರಾಮನ ಜೀಪು ಬಂತು. ಅವನದು ಸುಲ್ತಾನ್ ಬಜಾರಿನಲ್ಲಿ ಬಟ್ಟೆಯಂಗಡಿ. ಲಿಂಗಸುಗೂರಿನಲ್ಲಿ ಗುರುಬಸವನ ಮನೆಯ ಹಿಂದಿನ ಓಣಿಯಲ್ಲೇ ಆಡಿ ಬೆಳೆದವನು. ಹೆಂಡತಿ ಭವಾನಿ ಪಕ್ಕದಲ್ಲಿ ಕೂತಿದ್ದಳು. ಅವಳು ಬರುತ್ತಾಳೆ, ಇಳಿಯುವುದಿಲ್ಲ, ಚಪ್ಪಲಿಗೆ ಮಣ್ಣಾಗುತ್ತದೆ.

ಬಾನೆಟ್ಟಿನ ಮೇಲೆ ಪೇಪರು ಹಾಸಿ ಸ್ನೇಹಲತಾ ಡಬ್ಬಿ ತೆರೆದಳು. ಚುರುಮುರಿಯ ಸುಸಲಾ, ಹುರಿದ ಶೇಂಗಾ, ಫ್ಲಾಸ್ಕಿನಲ್ಲಿ ಚಹಾ. ಚಂದ್ರಾಮ ಉಸ್ಮಾನಿಯಾ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ.

"ವೈನಿ, ನಿಮ್ಮ ಸುಸಲಾ ಸಲುವಾಗಿ ನಾ ಕೆಸರಿಗೆ ಬರ್ತೀನ್ರಿ. ಇಲ್ಲಂದ್ರ ಮನ್ಯಾಗ ಮಲಗಿರತಿದ್ದೆ."

ಭವಾನಿ ಕಿಟಕಿಯಿಂದಲೇ ಹೇಳಿದಳು: "ಮನ್ಯಾಗ ನಾ ಮಾಡಿದ್ದು ತಿನ್ನಾಕ ಆಗೂದಿಲ್ಲ ಅಂತ ಸೀದಾ ಹೇಳ್ರಿ."

"ನೀ ಮಾಡಿದ್ದು ತಿಂದೇ ಇಷ್ಟು ಧೈರ್ಯ ಬಂದೈತಿ ನನಗ. ಹಳ್ಳ ಅಂದ್ರ ಹೆದರಿಕಿ ಇಲ್ಲ."

ಎಲ್ಲರೂ ನಕ್ಕರು. ಗುರುಬಸವ ಚಹಾದ ಲೋಟ ಕೆಳಗಿಟ್ಟು, "ಚಂದ್ರಾಮ, ಈ ಗಾಡಿದು ಇದು ಕಡೀ ಐತವಾರ ನೋಡಪಾ" ಎಂದ.

"ಅಂದ್ರ?"

"ಮಂಗಳವಾರ ಮುಂಜಾನೆ ಷೋರೂಮಿನವ ಬಂದು ಒಯ್ತಾನ. ಎಕ್ಸ್‌ಚೇಂಜ್. ಹೊಸದು ಆಟೋಮ್ಯಾಟಿಕ್ ಹೇಳೀನಿ. ಈ ಮಣಕಾಲು ಕ್ಲಚ್ ತುಳ್ಯಾಕ ಒಲ್ಲೆ ಅನ್ನಾಕತ್ತೈತಿ."

"ಆಟೋಮ್ಯಾಟಿಕ್‌ನ್ಯಾಗ ಏನು ಮಜಾ ಬಸಣ್ಣ? ಲಿಫ್ಟಿನ್ಯಾಗ ಕುಂತಂಗ ಆಕ್ಕೈತಿ."

"ನಿನಗ ಗೊತ್ತಿಲ್ಲ ಸುಮ್ನಿರು. ಕ್ಲಚ್ಚಿಲ್ಲ, ಗೇರಿನ ಗದ್ಲಿಲ್ಲ. ಮುಂದ, ಹಿಂದ, ಗಾಲಿ ಬುಡಕ, ಎಲ್ಲಾ ಕಡೆ ಕ್ಯಾಮೆರಾ. ಒಳಗ ಕುಂತು ಪರದೆಮ್ಯಾಲ ಕಲ್ಲು ನೋಡಕೋತ ಹೊಂಟ್ರಾತು."

"ಹಂಗಾದ್ರ ವೈನಿ ನೌಕರಿ ಹೋತು!" ಚಂದ್ರಾಮ ತೊಡೆ ತಟ್ಟಿಕೊಂಡ.

ಗುರುಬಸವನೂ ನಕ್ಕ. ಆಮೇಲೆ ಅವಳ ಕಡೆ ತಿರುಗದೆ, ಆದರೆ ನಿಜವಾದ ಅಂತಃಕರಣದಿಂದ ಹೇಳಿದ: "ಅಕಿಗೂ ಸಾಕಾಗೈತಿ. ಎಷ್ಟು ವರ್ಷ ಕೆಸರಾಗ ನಿಂತಾಳ ಪಾಪ. ಇನ್ನ ಆರಾಮ ಏಸಿಯೊಳಗ ಕುಂತು ಬರ್ಲಿ."

ಸ್ನೇಹಲತಾಳ ಕೈಯಲ್ಲಿ ಫ್ಲಾಸ್ಕಿನ ಮುಚ್ಚಳವಿತ್ತು. ಅದನ್ನು ತಿರುಗಿಸಿ ತಿರುಗಿಸಿ ಕೂರಿಸಿದಳು. ಹೊಸ ಗಾಡಿಯ ಮಾತನ್ನು ಅವಳು ಕೇಳಿದ್ದು ಇದೇ ಮೊದಲು. ಅವನು ಮುಚ್ಚಿಟ್ಟಿರಲಿಲ್ಲ, ಅದು ಅವಳಿಗೆ ತಿಳಿದಿತ್ತು. ಹೇಳಬೇಕಾದ ವಿಷಯ ಎಂದು ಅವನಿಗೆ ಅನಿಸಿರಲಿಲ್ಲ, ಅಷ್ಟೇ. ಅವಳಿಗೆ ಒಂದು ಉಡುಗೊರೆ ಕೊಡುತ್ತಿದ್ದೇನೆ ಎಂದುಕೊಂಡಿದ್ದ.

"ಚಹಾ ಇನ್ನೊಂಚೂರು ಹಾಕ್ಲೇನ್ರಿ?" ಎಂದು ಕೇಳಿದಳು.

"ಬ್ಯಾಡ. ಬಿಸಲೇರೂದರೊಳಗ ಹಳ್ಳ ದಾಟೂಣು."

ಹಳ್ಳದ ಈಚೆ ದಂಡೆಯಲ್ಲಿ ಅವನು ಗಾಡಿ ನಿಲ್ಲಿಸಿದ. ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರು; ಅದನ್ನು ಮುಂದೆ ತಳ್ಳಿದರೆ ಎಂಜಿನ್ನಿನ ಬಲ ನಾಲ್ಕೂ ಗಾಲಿಗೆ ಹೋಗುತ್ತದೆ, ಇನ್ನೂ ಒಂದು ಮನೆ ಆಚೆ ಹಾಕಿದರೆ 'ಲೋ': ಓಟ ತಗ್ಗಿ ಬಲ ಹೆಚ್ಚುತ್ತದೆ. ಅದಕ್ಕೆ ಗಾಡಿ ಪೂರ್ತಿ ನಿಂತಿರಬೇಕು, ಕ್ಲಚ್ಚು ಪೂರ್ತಿ ಒಳಗಿರಬೇಕು. ಅವನ ತುಟಿ ಬಿಗಿಯಾದದ್ದನ್ನು ಅವಳು ಹೊರಗಿನಿಂದ ನೋಡಿದಳು. ನಂತರ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹಳ್ಳ ದಾಟಿ, ಆಚೆಯ ದಂಡೆ ಹತ್ತಿ ತಿರುಗಿ ನಿಂತಳು. ಕೊನೆಯ ಸಲ ಎಂದುಕೊಂಡಳು. ಕೈ ಮುಂದೆ ಚಾಚಿದಳು.

ಅಂಗೈ ಕೆಳಮುಖ. ಅವನು ಗಾಡಿ ಇಳಿಸಿದ. ಬೆರಳು ಮಡಿಚಿದಳು, ಬಿಚ್ಚಿದಳು. ನೀರು ಗಾಲಿಯ ನಡುಮಟ್ಟಕ್ಕೆ ಬಂತು, ಹಿಂದೆ ಸರಿಯಿತು. ಮುಂದಿನ ಗಾಲಿಗಳು ಏರು ಹಿಡಿದವು. ಅರ್ಧಕ್ಕೆ ಬರುವಾಗ ಹಿಂದಿನ ಬಲಗಾಲಿ ಸುಮ್ಮನೆ ಸುತ್ತತೊಡಗಿ, ಗಾಡಿಯ ಬೆನ್ನು ಬದಿಯ ಬಂಡೆಯ ಕಡೆಗೆ ವಾಲಿತು. ಅವಳು ಮುಷ್ಟಿ ಎತ್ತಿದಳು.

ಅವನು ಬ್ರೇಕು ತುಳಿದ. ಕ್ಲಚ್ಚು ತುಳಿಯಲಾಗಲಿಲ್ಲ. ಜೀಪು ಒಮ್ಮೆ ಕುಕ್ಕರಿಸಿ ಉಸಿರು ನಿಲ್ಲಿಸಿತು.

ಚಂದ್ರಾಮ ನೀರಲ್ಲಿ ಧಡಬಡಿಸಿಕೊಂಡು ಬರುವಷ್ಟರಲ್ಲಿ ಗುರುಬಸವ ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ಹಿಡಿದುಕೊಂಡು ಇಳಿದಿದ್ದ. ಮುಖ ಬೆವೆತಿತ್ತು. ಎಡಗಾಲು ನೆಲಕ್ಕೆ ಊರುತ್ತಿರಲಿಲ್ಲ.

"ಸರಿ ಬಸಣ್ಣ, ನಾ ತಗೀತೀನಿ."

"ನೀ ಮುಟ್ಟಬ್ಯಾಡ. ಹ್ವಾದ ವರ್ಷ ಮುಟ್ಟಿದಾಗ ಕ್ಲಚ್ ಪ್ಲೇಟ್ ಸುಟ್ಟ ವಾಸನಿ ಮೆಹದಿಪಟ್ಣಂ ತನಕಾ ಬಂದಿತ್ತು."

"ಮತ್ತ ಹಿಂದಿನಿಂದ ಹಗ್ಗ ಹಾಕಿ ಜಗ್ಗಲೇನು?"

"ಜಗ್ಗಿದ್ರ ಬಂಡೆಗೆ ಬಡೀತೈತಿ."

ಸ್ನೇಹಲತಾ ದಂಡೆಯಿಂದ ಇಳಿದು ಬಂದಿದ್ದಳು. "ನಾ ತಗೀಲೇನ್ರಿ?" ಎಂದಳು. ಅದು ತನ್ನದೇ ದನಿ ಎಂದು ಅವಳಿಗೆ ಆಮೇಲೆ ತಿಳಿಯಿತು.

ಅವಳಿಗೆ ಗಾಡಿ ಬರುತ್ತಿತ್ತು. ಅಮೀರ್‌ಪೇಟೆಯ ಡ್ರೈವಿಂಗ್ ಶಾಲೆಯಲ್ಲಿ, ಕೋಚಿಂಗಿಗೆ ಓಡುವ ಹುಡುಗರ ನಡುವೆ ಗೇರು ಹಾಕಲು ಕಲಿತವಳು. ಸಣ್ಣ ಕಾರಿನಲ್ಲಿ ಊರೆಲ್ಲ ತಿರುಗುತ್ತಿದ್ದಳು. ಕೆಸರಿನಲ್ಲಿ ಮಾತ್ರ ಎಂದೂ ಓಡಿಸಿರಲಿಲ್ಲ. ಓಡಿಸುತ್ತೀಯಾ ಎಂದು ಯಾರೂ ಕೇಳಿರಲಿಲ್ಲ. ಅವಳಿಗೂ ಬೇಕೆನಿಸಿರಲಿಲ್ಲ, ಹೊರಗೆ ನಿಂತರಲ್ಲವೇ ಅವನಿಗೆ ಕಾಣುವುದು?

ಗುರುಬಸವ ಗಾಡಿ ನೋಡಿದ, ಬಂಡೆ ನೋಡಿದ, ತನ್ನ ಕಾಲು ನೋಡಿಕೊಂಡ. "ಸಾವಕಾಶ" ಎಂದ. ಚಂದ್ರಾಮನ ಹೆಗಲು ಹಿಡಿದು ಕುಂಟುತ್ತ ದಂಡೆ ಹತ್ತಿದ. ಮೇಲಿಂದ ಕೂಗಿದ: "ಸೀಟು ಜರಗಸಬ್ಯಾಡ! ಅದು ನನಗ ಹೊಂದಿಸಿದ್ದು."

"ಕಾಲು ಮುಟ್ಟಬೇಕಲ್ಲೋ ವೈನಿದು!" ಎಂದ ಚಂದ್ರಾಮ.

ಅವಳು ಸೀಟು ಮುಂದೆ ಎಳೆದುಕೊಂಡಳು. ಸೀಟಿನಲ್ಲಿ ಅವನ ಬಿಸಿ ಇನ್ನೂ ಇತ್ತು. ಆಮೇಲೆ ತಲೆ ಎತ್ತಿ ಮುಂದೆ ನೋಡಿದಳು.

ಗಾಜಿನ ತುಂಬ ಕೆಸರಿನ ಚುಕ್ಕೆಗಳು, ಅವುಗಳ ನಡುವೆ ಮೋಡದ ಬಿಳಿಯ ಪ್ರತಿಬಿಂಬ. ದಂಡೆಯ ಮೇಲೆ, ಪ್ರತಿ ಐತವಾರ ಅವಳು ನಿಲ್ಲುತ್ತಿದ್ದ ಹಾಗೆ, ಅವನು ನಿಂತಿದ್ದ. ಅವನ ಮುಖ ಎಲ್ಲಿದೆ ಎಂದು ಅವಳು ಹುಡುಕಿದಳು. ಮುಖವಿರಬೇಕಾದಲ್ಲಿ ಬೆಳಕು ಕುಕ್ಕುತ್ತಿತ್ತು. ವೈಪರು ಒಮ್ಮೆ ಓಡಿಸಿದಳು. ಕೆಸರು ಸವರಿಕೊಂಡು ಇನ್ನಷ್ಟು ಮಬ್ಬಾಯಿತು. ಕಂಡದ್ದು ಎರಡು ಕೈಗಳು. ಹೊಲದಲ್ಲಿ ಹಕ್ಕಿ ಓಡಿಸುವವನಂತೆ ಅವು ಒಟ್ಟಿಗೆ ಆಡುತ್ತಿದ್ದವು: ಬಾ ಎಂದೋ, ಹೋಗು ಎಂದೋ. ಅವಳು ವರ್ಷಗಟ್ಟಲೆ ಮಾಡಿ ತೋರಿಸಿದ ಒಂದು ಸನ್ನೆಯೂ ಅವನ ಕೈಗಳಿಗೆ ಬರುತ್ತಿರಲಿಲ್ಲ.

ಓಹೋ, ಎಂದುಕೊಂಡಳು. ಅವನಿಗೆ ಕಾಣುತ್ತಿದ್ದದ್ದು ಇಷ್ಟೇ.

ಅವನು ಕಣ್ಣು ಕೀಳದೆ ನೋಡುತ್ತಿದ್ದದ್ದು ನಿಜ. ನೋಡುತ್ತಿದ್ದದ್ದು ಒಂದು ಜೊತೆ ಕೈಯನ್ನು. ಆ ಕೈಗಳ ಹಿಂದಿನ ಮುಖಕ್ಕೆ ಅವಳು ಎಷ್ಟೋ ಸಲ ಕಾಡಿಗೆ ಹಚ್ಚಿಕೊಂಡು ಬಂದಿದ್ದಳು. ನಗು ಬಂತು.

ಇಂಥ ಏರಿನಲ್ಲಿ ಗಾಡಿ ನಿಂತರೆ ಏನು ಮಾಡಬೇಕೆಂದು ಗುರುಬಸವನೇ ಹಿಂದೊಮ್ಮೆ ಯಾರಿಗೋ ವಿವರಿಸಿದ್ದ: ಲೋದಲ್ಲಿ, ಮೊದಲ ಗೇರಿನಲ್ಲಿದ್ದರೆ ಕ್ಲಚ್ಚನ್ನು ಮುಟ್ಟಲೇಬಾರದು. ತುಳಿದರೆ ಹಿಂದೆ ಜಾರುತ್ತದೆ. ಗೇರಿನಲ್ಲೇ ಬಿಟ್ಟು ಚಾವಿ ತಿರುಗಿಸಬೇಕು, ಈ ಹಳೆಯ ಗಾಡಿ ತಾನೇ ತೆವಳಿಕೊಂಡು ಎಚ್ಚರವಾಗುತ್ತದೆ. ಅವನು ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಇವತ್ತು ನೋವಿನಲ್ಲಿ ಅವನಿಗೇ ಅದು ಮರೆತಿತ್ತು.

ಅವಳು ಸ್ಟೇರಿಂಗನ್ನು ಎಡಕ್ಕೆ ಒಂದಿಷ್ಟು ತಿರುಗಿಸಿ, ಹ್ಯಾಂಡ್‌ಬ್ರೇಕ್ ಸಡಿಲಿಸುತ್ತಲೇ ಚಾವಿ ತಿರುಗಿಸಿದಳು. ಎರಡೂ ಕಾಲು ಪೆಡಲು ಬಿಟ್ಟು ಗಾಡಿಯ ನೆಲದ ಮೇಲೆ. ಗಾಡಿ ನಡುಗಿತು, ಜಗ್ಗಿತು, ಗುರ್ರೆಂದು ಜೀವ ಹಿಡಿಯಿತು. ದಂಡೆಯ ಮೇಲೆ ಕೈಗಳು ಇನ್ನೂ ಜೋರಾಗಿ ಆಡಿದವು. ಅವಳು ಅವುಗಳಿಂದ ಕಣ್ಣು ತೆಗೆದಳು. ಹೊರಗೆ ನಿಂತು ಕಣ್ಣಿಂದ ಓದುತ್ತಿದ್ದ ಗಾಲಿಗಳು ಈಗ ಸೀಟಿನಿಂದ, ಬೆನ್ನೆಲುಬಿನಿಂದ ಮೇಲೆ ಬಂದು ಹೇಳುತ್ತಿದ್ದವು: ಇಲ್ಲಿ ಜಾರು, ಇಲ್ಲಿ ಕಲ್ಲು, ಇಲ್ಲಿ ಹಿಡಿತ. ಹಿಂದಿನ ಗಾಲಿ ಒಮ್ಮೆ ಸುತ್ತಿತು, ಅವಳು ಕಾಯ್ದಳು, ಮುಂದಿನವೆರಡು ಹಲ್ಲೂರಿ ಎಳೆದವು. ಬಂಡೆ ಪಕ್ಕದಲ್ಲಿ ಹಾದು ಹಿಂದೆ ಉಳಿಯಿತು. ಬಾನೆಟ್ಟು ಆಕಾಶದಿಂದ ಇಳಿದು ನೆಲ ಕಾಣಿಸಿತು.

ಅವಳ ತಲೆ ಒಮ್ಮೆ ಕೆಳಗಾಗಿ ಮೇಲಾಯಿತು.

ಒಂದೇ ಸಲ. ಅವಳು ಯಾರನ್ನೂ ನೋಡಿರಲಿಲ್ಲ. ಹಿಡಿದಿಟ್ಟ ಉಸಿರು ಬಿಡುವಾಗ ಕುತ್ತಿಗೆ ತಾನಾಗಿ ಆಡಿದ್ದು ಅದು. ದಡ ಮುಟ್ಟಿದವರು ತಮಗೆ ತಾವೇ ಹೇಳಿಕೊಳ್ಳುವ ಒಂದು 'ಆಯಿತು'. ಅದರಲ್ಲಿ ಹೊರಗೆ ನಿಂತವರಿಗೆ ಏನೂ ಇರಲಿಲ್ಲ.

ಅವಳು ಎಂಜಿನ್ನು ಆರಿಸದೆ ಹಾಗೆಯೇ ಕೂತಳು. ಗಾಜಿನ ಹಿಂದೆ ಅವನ ತಲೆ ಆಡುತ್ತಿದ್ದದ್ದೂ ಹೀಗೆಯೇ. ಇಷ್ಟು ವರ್ಷ ತನ್ನದೆಂದು ಮನೆಗೆ ಒಯ್ದು, ವಾರವಿಡೀ ಇಟ್ಟುಕೊಂಡು ತಿಂದದ್ದು ಇದನ್ನೇ. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಕೊಟ್ಟದ್ದನ್ನು ಕಿತ್ತುಕೊಂಡಿದ್ದರೆ ಸಿಟ್ಟು ಬರುತ್ತಿತ್ತು. ಅವನು ಏನನ್ನೂ ಕೊಟ್ಟೇ ಇರಲಿಲ್ಲ. ಅಲ್ಲಿ ಯಾರೂ ಇರಲಿಲ್ಲ. ಅವಳೊಬ್ಬಳೇ ಇದ್ದಳು, ಮೊದಲಿನಿಂದಲೂ.

ಗುರುಬಸವ ಕುಂಟಿಕೊಂಡು ಬಂದು ಹಿಂದಿನ ಗಾಲಿಯ ಹತ್ತಿರ ಬಗ್ಗಿದ. "ರಿಮ್ಮಿಗೆ ಪೆಟ್ಟು ಬಿದ್ದಿಲ್ಲ" ಎಂದ. ಟೈರಿನ ಮೇಲೆ ಕೈಯಾಡಿಸಿ, "ಚಲೋ ತಗದಿ" ಎಂದ. ಟೈರಿಗೇ ಹೇಳಿದಂತಿತ್ತು.

"ಏನ್ ವೈನಿ, ಮುಂದಿನ ವಾರ ನೀವು ಮುಂದ, ನಾವು ಹಿಂದ!" ಚಂದ್ರಾಮ ಚಪ್ಪಾಳೆ ಹೊಡೆದ. ಆಚೆ ದಂಡೆಯಿಂದ ಭವಾನಿ ಕೂಗಿದಳು: "ಅಕ್ಕಾ, ಇವರಿಗೂ ಒಂಚೂರು ಕಲಸ್ರಿ!"

"ಅದಕ್ಕ ನಾ ಹೇಳೂದು," ಗುರುಬಸವ ಪಕ್ಕದ ಸೀಟಿಗೆ ಹತ್ತುತ್ತ ಹೇಳಿದ, "ಆಟೋಮ್ಯಾಟಿಕ್ ಬರ್ಲಿ, ಯಾರಿಗೂ ತ್ರಾಸಿಲ್ಲ."

ಕಾಲು ನೋಯುತ್ತಿದ್ದುದರಿಂದ ಅವತ್ತಿನ ಆಟ ಅಲ್ಲಿಗೇ ಮುಗಿಯಿತು. ಚಂದ್ರಾಮ ಹಳ್ಳ ದಾಟಿ ತನ್ನ ಜೀಪಿಗೆ ಮರಳಿ, ಆಚೆಯಿಂದಲೇ ಕೈ ಬೀಸಿ ಬಂದ ದಾರಿ ಹಿಡಿದ. ಇವರು ಈಚೆಯ ಜಾಲಿಗಿಡಗಳ ನಡುವಿನ ಗಾಡಿದಾರಿಯಲ್ಲಿ ರಸ್ತೆಗೆ ಬಂದರು. ಸ್ಟೇರಿಂಗು ಅವಳ ಕೈಯಲ್ಲೇ ಇತ್ತು.

ಡಾಂಬರು ಹತ್ತಿ ತಿರುಗಿದಾಗ ಸ್ಟೇರಿಂಗು ಬಿಗಿಯಾಯಿತು, ಟೈರು ಚೀರಿತು. ದಾರಿಯಲ್ಲೇ ಲೋ ತೆಗೆದಿದ್ದಳು. ನಾಲ್ಕೂ ಗಾಲಿಯ ಕಟ್ಟು ಮಾತ್ರ ಇನ್ನೂ ಹಾಗೇ ಇತ್ತು. ಬದಿಗೆ ನಿಲ್ಲಿಸಿ ಗಿಡ್ಡ ಲಿವರನ್ನು ಹಿಂದಕ್ಕೆ ಎಳೆದಳು. ಅದು ಬರಲಿಲ್ಲ.

"ಜೋರ್‌ಲೆ ಜಗ್ಗು" ಎಂದ ಅವನು, ಫೋನಿನಿಂದ ತಲೆ ಎತ್ತದೆ.

ಜೋರಿನಿಂದ ಅದು ಬರುವುದಿಲ್ಲ. ಕೆಸರಿನಲ್ಲಿ ಗಾಲಿಗಳು ಅಷ್ಟಿಷ್ಟು ಜಾರಿಕೊಂಡು ಹೊಂದಿಕೊಳ್ಳುತ್ತವೆ. ಗಟ್ಟಿ ರಸ್ತೆಯಲ್ಲಿ ಜಾರಲು ಜಾಗವಿಲ್ಲ. ತಿರುವಿನಲ್ಲಿ ಮುಂದಿನವು ಹೆಚ್ಚು ದೂರ ಹೋಗಬೇಕು, ಹಿಂದಿನವು ಕಡಿಮೆ. ಕಟ್ಟಿಹಾಕಿದ್ದರಿಂದ ಒಂದನ್ನೊಂದು ಜಗ್ಗುತ್ತ ಒಳಗೊಳಗೇ ಹಲ್ಲು ಕಚ್ಚಿಕೊಳ್ಳುತ್ತವೆ. ಅವಳು ರಿವರ್ಸ್ ಹಾಕಿ ನೇರಕ್ಕೆ ಒಂದಿಷ್ಟು ಹಿಂದೆ ಬಂದಳು. ಎಲ್ಲೋ ಕೆಳಗೆ ಟಕ್ಕೆಂದಿತು. ಲಿವರು ಎರಡು ಬೆರಳಿಗೆ ಬಂತು.

"ಬಂತಾ?" ಎಂದ ಅವನು.

"ಬಂತ್ರಿ."

ಮುಂದೆ ಹುಣಸೆಮರದ ನೆರಳಿನಲ್ಲಿ ಅವಳು ಗಾಡಿ ನಿಲ್ಲಿಸಿ, ಬ್ಯಾಟರಿಗೆ ತಂತಿ ಕೊಟ್ಟು ಗಾಳಿಯ ಯಂತ್ರ ಹಚ್ಚಿದಳು. ಗೋಣಿಚೀಲ ಹಾಸಿ ಮೊದಲ ಟೈರಿನ ಮುಂದೆ ಮೊಣಕಾಲೂರಿದಳು. ಯಂತ್ರ ಕಟಕಟ ಎನ್ನುತ್ತಿತ್ತು. ಒಳಗೆ ಗುರುಬಸವ ಸೀಟು ಹಿಂದೆ ಒರಗಿಸಿ ಕಣ್ಣು ಮುಚ್ಚಿದ್ದ. ನೋವು ಕಡಿಮೆಯಾಗಿರಬೇಕು, ಹಣೆ ಸಡಿಲವಾಗಿತ್ತು. ನಿದ್ದೆಯಲ್ಲಿ ಅವನು ಲಿಂಗಸುಗೂರಿನ ಹುಡುಗನಂತೆ ಕಾಣುತ್ತಿದ್ದ. ಅವಳು ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನೋಡಬಹುದಿತ್ತು, ಕಿಟಕಿ ಇಳಿಸಿದ್ದರಿಂದ ನಡುವೆ ಗಾಜಿರಲಿಲ್ಲ.

ಅವನಿಗೆ ಆಟೋಮ್ಯಾಟಿಕ್ ಬರಲಿ. ಆ ಕಾಲಿಗೆ ಅದೇ ಸರಿ. ಅವನು ಪರದೆಯ ಮೇಲೆ ಕಲ್ಲು ನೋಡಿಕೊಂಡು ಹಳ್ಳ ದಾಟಲಿ.

ಆದರೆ ಮಂಗಳವಾರ ಮುಂಜಾನೆ ಷೋರೂಮಿನವನು ಬರುವ ಹೊತ್ತಿಗೆ ಈ ಗಾಡಿ ಅಪಾರ್ಟ್‌ಮೆಂಟಿನ ಕೆಳಗೆ ಇರುವುದಿಲ್ಲ. ಅವಳು ಅದನ್ನು ಇಲ್ಲಿಗೇ ತರುತ್ತಾಳೆ. ಹಳ್ಳದ ಈಚೆ ನಿಲ್ಲಿಸಿ, ತಾನೇ ಇಳಿದು ನೆಲ ನೋಡುತ್ತಾಳೆ. ಕಲ್ಲು ಎಲ್ಲಿ, ಜಾರು ಎಲ್ಲಿ. ನೋಡಿ, ಮರಳಿ ಹತ್ತಿ, ನೋಡಿದ್ದನ್ನು ನೆನಪಿನಲ್ಲಿಟ್ಟುಕೊಂಡು ನಡೆಸುತ್ತಾಳೆ. ಸಂಶಯ ಬಂದರೆ ಮತ್ತೆ ಇಳಿಯುತ್ತಾಳೆ. ಮುಂದೆ ನಿಂತು ಕೈ ತೋರಿಸಲು ಯಾರೂ ಇರುವುದಿಲ್ಲ. ಎಕ್ಸ್‌ಚೇಂಜಿನ ಮಾತು ಆಮೇಲೆ ಏನಾಗುತ್ತದೋ ಆಗಲಿ. ಸಂಜೆ ಮನೆಗೆ ಹೋದಾಗ ಕೇಳಿದರೆ ಹೇಳಿದರಾಯಿತು.

ನಾಲ್ಕನೆಯ ಟೈರು ನಿಧಾನವಾಗಿ ಎದ್ದು ದುಂಡಗಾಯಿತು. ಅವಳು ಕೊಳವೆ ಕಳಚಿ, ವಾಲ್ವಿನ ಮುಚ್ಚಳವನ್ನು ಬೆರಳಿನಿಂದ ತಿರುಗಿಸಿ ಬಿಗಿ ಮಾಡಿದಳು. ಯಂತ್ರದ ಸದ್ದು ನಿಂತದ್ದಕ್ಕೆ ಗುರುಬಸವನಿಗೆ ಎಚ್ಚರವಾಯಿತು.

"ಆತೇನು?"

"ಆತ್ರಿ" ಎಂದಳು. ಮುಂದಕ್ಕೆ ಎಳೆದುಕೊಂಡಿದ್ದ ಸೀಟನ್ನು ಹಾಗೆಯೇ ಬಿಟ್ಟು, ಹತ್ತಿ ಕೂತಳು.